ಲ್ಯಾಪ್‌ಟಾಪಿನಿಂದ ಲೈಟು ಹಾಕಿ ಕೆಟ್ಟೆ

ವೇದಿಕೆಗೆ ಲೈಟು ಹಾಕೋ ಕೆಲಸಕ್ಕಿಳಿದ ಮೇಲೆ, ನನ್ನನ್ನು ನೆಮ್ಮದಿಯಾಗಿ ಮನೆಗೆ ಕಳಿಸಿದ ಕಾರ್ಯಕ್ರಮ ಒಂದೂ ನೆನಪಿಲ್ಲ. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷಕ್ಕೆ ಜೆ.ಪಿ. ನಗರದ ನನ್ನ ಅಂಗಡಿಗೆ ಒಂದು ಲ್ಯಾಪ್‌ಟಾಪ್ ತಂದೆ. ಅದರಲ್ಲೊಂದು ಸಾಫ್ಟ್‌ವೇರ್. ಹಿಂದಿನ ಪರದೆ ಮೇಲೆ ವಿಡಿಯೋ ಓಡಿಸೋದೂ ಅದೇ, ಆ ವಿಡಿಯೋದ ಬಣ್ಣ ನೋಡಿ ವೇದಿಕೆಯ ಲೈಟು ಬದಲಾಯಿಸೋದೂ ಅದೇ. ಇನ್ನು ಆರಾಮಾಗಿ ಕೂತಿರಬಹುದು ಅಂದುಕೊಂಡೆ.

೧. ಕೈ ಆಡಿಸದವನು

ಜಯನಗರದ ಒಂದು ಶಾಲೆಯ ವಾರ್ಷಿಕೋತ್ಸವ. ಪರದೆ ಮೇಲೆ ಸಮುದ್ರ, ಮಕ್ಕಳ ಮೇಲೆ ನೀಲಿ ಬೆಳಕು. ನಾನು ಕೈಕಟ್ಟಿ ಕೂತಿದ್ದೆ. ಹೆಡ್‌ಮಿಸ್ ಬಂದು, ಲೈಟಿನವರು ಎಲ್ಲಿ ಅಂತ ಕೇಳಿದರು. ನಾನೇ ಅಂದೆ. ಕಂಪ್ಯೂಟರ್ ನೋಡ್ತಾ ಕೂತಿದ್ದೀರಲ್ಲ, ಲೈಟು ಯಾರು ನೋಡ್ಕೋತಾರೆ ಅಂದರು. ಅದೇ ನೋಡ್ಕೊಳ್ಳುತ್ತೆ ಮೇಡಂ ಅಂತ ವಿವರಿಸಿದೆ. ಹೋಮ್‌ವರ್ಕ್ ಪುಸ್ತಕ ಮನೇಲಿ ಮರೆತೆ ಅಂದ ಹುಡುಗನನ್ನು ನೋಡೋ ಹಾಗೆ ನನ್ನನ್ನು ನೋಡಿದರು.

ವಾದ ಮಾಡೋ ತ್ರಾಣ ಇರಲಿಲ್ಲ. ವ್ಯಾನಿನಲ್ಲಿದ್ದ ಹಳೇ ಸ್ವಿಚ್ ಬೋರ್ಡು ತಂದು ಮುಂದೆ ಇಟ್ಟುಕೊಂಡೆ. ಅದಕ್ಕೆ ಒಂದು ವೈರೂ ಕೊಟ್ಟಿರಲಿಲ್ಲ. ಕಾರ್ಯಕ್ರಮ ಮುಗಿಯೋವರೆಗೂ ಅದರ ಗುಂಡಿಗಳನ್ನು ಮೇಲೆ ಕೆಳಗೆ ಎಳೀತಾ ಕೂತೆ. ಹೊರಡುವಾಗ ಮೇಡಂ ಹೇಳಿದರು: "ನೋಡಿ, ಮನಸ್ಸಿಟ್ಟು ಮಾಡಿದ್ರೆ ಎಷ್ಟು ಚೆನ್ನಾಗಿ ಬರುತ್ತೆ."

೨. ಹಸಿರು ಹುಡುಗಿ

ಬನಶಂಕರಿಯ ಒಂದು ಛತ್ರದಲ್ಲಿ ಆರತಕ್ಷತೆ. ಹುಡುಗಿಯ ಬಾಲ್ಯದ ಫೋಟೋಗಳನ್ನು ಪರದೆ ಮೇಲೆ ಓಡಿಸಿ ಅಂತ ಅವರಪ್ಪ ಸಿಡಿ ಕೊಟ್ಟಿದ್ದರು. ಅಷ್ಟೂ ಫೋಟೋ ಪಾರ್ಕಿನ ಹುಲ್ಲಿನ ಮೇಲೆ ತೆಗೆದವು. ಸಾಫ್ಟ್‌ವೇರ್ ತನ್ನ ಕೆಲಸ ಮಾಡಿತು. ಮೂರು ಗಂಟೆ ಮೇಕಪ್ ಮಾಡಿಸಿಕೊಂಡು ಬಂದ ಹುಡುಗಿ, ಸೋಫಾ ಮೇಲೆ ಕೂತ ತಕ್ಷಣ ಪಾಲಕ್ ಸೊಪ್ಪಿನ ಬಣ್ಣಕ್ಕೆ ತಿರುಗಿದಳು. ನಾನು ಬೆವರುತ್ತಾ ಮೌಸು ಹುಡುಕುತ್ತಿದ್ದೆ. ಮುಂದಿನ ಸಾಲಿನಲ್ಲಿ ಗಂಡಿನ ಅಜ್ಜಿ ಪಕ್ಕದವರಿಗೆ ಹೇಳಿದ್ದು ನನಗೂ ಕೇಳಿಸಿತು: "ನಾವು ಹೆಣ್ಣು ನೋಡೋಕೆ ಹೋದಾಗ ಹೀಗಿರಲಿಲ್ಲ."

೩. ಕೆಮ್ಮು

ಪುಟ್ಟೇನಹಳ್ಳಿಯ ಒಂದು ಬಡಾವಣೆಯ ಹಬ್ಬ. ಹಾಡಿನ ಸದ್ದು ಜೋರಾದಾಗಲೆಲ್ಲ ಲೈಟು ಮಿಂಚಬೇಕು ಅಂತ ಹೊಂದಿಸಿದ್ದೆ. ಭಾಷಣದ ಹೊತ್ತಿಗೆ ಅದನ್ನು ತೆಗೆಯೋದು ಮರೆತೆ. ಮೈಕು ಹಿಡಿದವರು ಹಿಂದೆ ಅಲ್ಲೇ ರಾಗಿ ಬೆಳೀತಿದ್ದ, ಈಗ ಆರು ಮನೆ ಬಾಡಿಗೆಗೆ ಕೊಟ್ಟಿರೋ ಯಜಮಾನರು. ಅವರಿಗೆ ಉಬ್ಬಸ. ಒಂದೊಂದು ಕೆಮ್ಮಿಗೂ ವೇದಿಕೆ ಫಳ್ ಅಂತ ಹೊಳೀತು. ಜನ ಚಪ್ಪಾಳೆ ಹೊಡೆದರು. ಬೈಸಿಕೊಳ್ಳೋಕೆ ತಯಾರಾಗಿ ನಿಂತೆ. ಅವರು ಇಳಿದು ಬಂದು ನನ್ನ ಕೈ ಹಿಡಿದುಕೊಂಡು, ಮುಂದಿನ ವರ್ಷವೂ ನೀನೇ ಬರಬೇಕು, ಇನ್ನೂ ಜೋರಾಗಿ ಕೆಮ್ತೀನಿ ಅಂದರು.

೪. ಪಾಳೇಗಾರನ ಸಾವು

ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದ ಹುಬ್ಬಳ್ಳಿ ಕಡೆಯ ಹುಡುಗರು ರಾಜ್ಯೋತ್ಸವಕ್ಕೆ ತಾವೇ ಬರೆದ ನಾಟಕ ಆಡಿದರು. ಪಾಳೇಗಾರನ ಪಾತ್ರದವನು ಒಂದು ಆಫೀಸಿನಲ್ಲಿ ಕ್ಯಾಷಿಯರ್. ಹೊಸದಾಗಿ ಮದುವೆಯಾಗಿತ್ತು. ಅವನ ಸಾವು ನೋಡೋಕೆ ಅಂತಲೇ ಅತ್ತೆ-ಮಾವ ಊರಿಂದ ಬಸ್ಸು ಹತ್ತಿ ಬಂದು ಮೊದಲ ಸಾಲಿನಲ್ಲಿ ಕೂತಿದ್ದರು. ಅವನು ಬಿದ್ದು, ಕಡೇ ಮಾತು ಆಡಿ, ಕಣ್ಣು ಮುಚ್ಚಿದ ಕೂಡಲೇ ಕತ್ತಲೆ ಆಗಬೇಕು. ಕತ್ತಲೆ ಆಗೋವರೆಗೂ ಯಾರೂ ಮಿಸುಕಬಾರದು ಅಂತ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದರು.

ಬಿದ್ದ. ಅದ್ಭುತವಾಗಿ ಸತ್ತ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಗುಂಡಿ ಒತ್ತೋಕೂ, ಲ್ಯಾಪ್‌ಟಾಪ್ ತಾನಾಗಿಯೇ ಆಫ್ ಆಗಿ ಮತ್ತೆ ಶುರುವಾಗೋಕೂ ಸರಿಹೋಯಿತು. ಲೈಟುಗಳಿಗೆ ಕಡೆಯದಾಗಿ ಸಿಕ್ಕಿದ್ದ ಅಪ್ಪಣೆ ಕೆಂಪು. ಆ ಕೆಂಪಿಗೇ ಅಂಟಿಕೊಂಡವು. ಮೇನ್ ಸ್ವಿಚ್ಚಿಗೆ ಓಡಿದರೆ, ಸಭಾಂಗಣದವನು ಆ ಕೋಣೆಗೆ ಬೀಗ ಹಾಕಿ ಊಟಕ್ಕೆ ಹೋಗಿದ್ದ.

ರಾಣಿ ಅತ್ತಳು. ಅಳೋ ಮಾತು ಮುಗಿದ ಮೇಲೆ ಮೊದಲಿಂದ ಇನ್ನೊಂದು ಸಲ ಅತ್ತಳು. ಕೊಂದವನು ಕತ್ತಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಹೆಣದ ಹಣೆಯಿಂದ ಬೆವರು ಇಳೀತಿತ್ತು, ಮೂಗಿನ ಮೇಲೆ ಒಂದು ಸೊಳ್ಳೆ. ರಾಣಿ ಮೂರನೇ ಸಲ ಅಳೋಕೆ ಉಸಿರೆಳೆದುಕೊಂಡಾಗ ಪಾಳೇಗಾರ ನಿಧಾನವಾಗಿ ಎದ್ದು ಕೂತ. ಮೊದಲು ಅತ್ತೆ-ಮಾವನಿಗೆ ಕೈಮುಗಿದ. ಆಮೇಲೆ ನನ್ನ ಕಡೆ ತಿರುಗಿ ಹೇಳಿದ:

"ಲೈಟ್ ಆರಸ್ರಿಪಾ. ಎಷ್ಟೊತ್ತಂತ ಸಾಯ್ಲಿ ನಾ?"