ಹಜಾರಕ್ಕೆ ಒಂದು ಹೆಚ್‌ಪಿ

ಇದು ನಡೆದದ್ದು ಕಳೆದ ವರ್ಷ, ದೀಪಾವಳಿ ಮುಗಿದ ವಾರ. ಮನೆಯಲ್ಲಿ ಒಬ್ಬ ಬಿಎಸ್ಸಿ ಓದಿದ್ದರೆ ನೆಂಟರು ಯಾವ ಯಂತ್ರ ಕೊಳ್ಳುವಾಗಲೂ ಅವನನ್ನು ಜೊತೆಗೆ ಕರೆದೊಯ್ಯುತ್ತಾರೆ. ಅವನ ಮಾತು ಮಾತ್ರ ಕೇಳುವುದಿಲ್ಲ. ಹಾಗೆ ನಾನು ಬಿಳಿಗೆರೆಯ ದೊಡ್ಡಪ್ಪನ ಜೊತೆ ತಿಪಟೂರಿಗೆ ಹೋದೆ.

1. ಅಂಗಡಿ

ದೊಡ್ಡಪ್ಪ ಚಿಕ್ಕಂದಿನಲ್ಲಿ ಬೇಲಿಯಾಚೆ ನಿಂತು ಪಕ್ಕದ ಮನೆಯ ರೇಡಿಯೋ ಕೇಳಿದವರು. ಒಳಕ್ಕೆ ಯಾರೂ ಕರೆದಿರಲಿಲ್ಲ. ಸ್ವಂತದ್ದೊಂದು ಆಂಪ್ಲಿಫೈಯರ್, ಎರಡು ಸ್ಪೀಕರ್ ಇರಬೇಕೆಂಬ ಆಸೆ ಹಾಗೇ ಉಳಿದಿತ್ತು.

"ಇದು ಎಷ್ಟು ಹೆಚ್‌ಪಿ?" ಎಂದರು, ತೋಟದ ಪಂಪಿನ ಮೋಟರು ಕೊಳ್ಳುವವರ ಹಾಗೆ.

"ಇದಕ್ಕೆ ಹೆಚ್‌ಪಿ ಇಲ್ಲ ಯಜಮಾನ್ರೇ, ವ್ಯಾಟು. ಇನ್ನೂರು," ಎಂದ ಅಂಗಡಿಯವನು.

ದೊಡ್ಡಪ್ಪ ನನ್ನ ಕಡೆ ತಿರುಗಿದರು. ಒಂದು ಹೆಚ್‌ಪಿಗೆ ಏಳುನೂರ ನಲವತ್ತಾರು ವ್ಯಾಟ್ ಎಂದೆ. ಅದೇ ತಪ್ಪಾಯಿತು.

"ಅಂದ್ರೆ ಇದು ಕಾಲು ಹೆಚ್‌ಪಿ! ಇದರಲ್ಲಿ ತೊಟ್ಟಿಗೆ ನೀರೇ ಏರಲ್ಲ, ಹಾಡು ಹಜಾರ ದಾಟುತ್ತಾ?"

"ನಿಮ್ಮ ಹಜಾರಕ್ಕೆ ಹತ್ತು ವ್ಯಾಟ್ ಸಾಕು ದೊಡ್ಡಪ್ಪ."

"ಓಲ್ಟೇಜ್ ಬಿದ್ರೆ? ಯಾವತ್ತೂ ಒಂದು ಸೈಜ್ ಮೇಲೆ ಇರ್ಬೇಕು ಕಣ್ಲಾ."

ಏಳುನೂರ ಐವತ್ತು ವ್ಯಾಟಿನದು ತಂದೆವು. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಟ್ಟುಕೊಂಡಿದ್ದರು.

2. ಅಟ್ಟ

ಹಜಾರದ ಮೇಲೆ ಅಟ್ಟ, ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ. ತಿಂಗಳುಗಟ್ಟಲೆ ಒಣಗಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡರೆ ಒಳಗೆ ಲೊಡಲೊಡ ಎನ್ನುತ್ತದೆ. ಕೊಳ್ಳಲು ಬಂದವರು ಕಿವಿಯ ಹತ್ತಿರ ಅಲ್ಲಾಡಿಸಿಯೇ ನೋಡುವುದು.

ವೈರು ಜೋಡಿಸಿ, "ಸಣ್ಣಗಿಡಿ" ಎಂದೆ.

"ಮೋಟ್ರನ್ನ ಯಾರಾದ್ರೂ ಅರ್ಧ ಓಡಿಸ್ತಾರಾ?" ದೊಡ್ಡಪ್ಪ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದರು.

ಹಾಡು ಶುರುವಾಯಿತು. ತೊಲೆ ನಡುಗಿತು. ಅಟ್ಟದ ಕಾಯಿಗಳೆಲ್ಲ ಒಟ್ಟಿಗೆ ಲೊಡಲೊಡ ಎಂದವು. ದೊಡ್ಡಮ್ಮ ಅಡುಗೆಮನೆಯಿಂದ ಪೊರಕೆ ಹಿಡಿದು ಓಡಿಬಂದು ಏಣಿ ಹತ್ತಿದರು.

"ಯಾವನ್ಲಾ ಅದು, ಹೇಳದೆ ಕೇಳದೆ ನಮ್ ಕಾಯಿ ಅಲ್ಲಾಡಿಸ್ತಿರೋನು? ಮೊದ್ಲು ರೇಟು ಮಾತಾಡು, ಆಮೇಲೆ ಮುಟ್ಟು!"

3. ಕೊಟ್ಟಿಗೆ

ಹಜಾರದ ಗೋಡೆಯಾಚೆಯೇ ಕೊಟ್ಟಿಗೆ. ಆ ಸಂಜೆ ಹಸು ಹಾಲು ಇಳಿಸಲಿಲ್ಲ. ಕರು ಬಿಟ್ಟರೂ ಇಲ್ಲ. ದೊಡ್ಡಮ್ಮ ಖಾಲಿ ಬಕೆಟ್ ತಂದು ಸ್ಪೀಕರಿನ ಮೇಲಿಟ್ಟರು.

"ನಾಳೆ ಸಂಜೇನೂ ಹಿಂಗೇ ಆದ್ರೆ ಹಸು, ಈ ಪೆಟ್ಗೆ, ಎರಡ್ರಲ್ಲೊಂದು ಈ ಮನೆ ಬಿಡ್ಬೇಕು. ಹಸು ಬಿಡಲ್ಲ."

ದೊಡ್ಡಪ್ಪ ಬಕೆಟ್ ಕೆಳಗಿಳಿಸಿದರು. ಪೆಟ್ಟಿಗೆಯ ಮೇಲೆ ಟವೆಲ್ ಹೊದಿಸಿ, ಧೂಳು ಕೂರದಂತೆ ಅಂಚು ಮಡಚಿದರು.

4. ಪರೀಕ್ಷೆ

ಮರುದಿನ ಸಂಜೆ ನಾನು ವೋಲ್ಟ್ ಅಳೆಯುವ ಮೀಟರ್ ತಂದು ಒಂದು ಸ್ಪೀಕರಿನ ವೈರಿಗೆ ಸೇರಿಸಿದೆ. ದೊಡ್ಡಮ್ಮ ಹಾಲು ಕರೆಯಲು ಕೂತರು. ದೊಡ್ಡಪ್ಪ ಹಜಾರದ ಕುರ್ಚಿಯಲ್ಲಿ. ಗುಂಡಿ ನನ್ನ ಕೈಯಲ್ಲಿ. ಹಸುವಿಗೂ ದೊಡ್ಡಪ್ಪನಿಗೂ ಒಪ್ಪುವ ಸದ್ದು ಹುಡುಕುತ್ತ ಸೊನ್ನೆಯಿಂದ ಮೇಲಕ್ಕೆ ಹೊರಟೆ.

"ಕೇಳ್ತಾ ಇಲ್ಲ, ಬುಡು ಇನ್ನೊಸಿ," ಎಂದರು ದೊಡ್ಡಪ್ಪ.

ಬಿಟ್ಟೆ.

"ಇನ್ನೊಸಿ."

"ಇಳ್ಸ್ಲಾ, ಕಾಲೆತ್ತಾ ಐತೆ!" ಗೋಡೆಯಾಚೆಯಿಂದ ದೊಡ್ಡಮ್ಮ.

ಕೂದಲೆಳೆಯಷ್ಟು ಇಳಿಸಿದೆ. ಬಕೆಟ್ಟಿಗೆ ಹಾಲು ಬೀಳುವ ಸದ್ದು ಬಂತು. ದೊಡ್ಡಪ್ಪ ನೆಟ್ಟಗೆ ಕೂತರು.

"ಲೇ, ಕೊಳಲು ಐತೆ ಕಣ್ಲಾ ಇದರಲ್ಲಿ! ನಿನ್ನೆ ಇರ್ಲೇ ಇಲ್ಲ!"

"ಹಿಂದ್ಗಡೆ ಸಣ್ಣಕೆ ಗೆಜ್ಜೇನೂ ಐತೆ. ಇರ್ಲಿ ಬುಡಿ ಪೆಟ್ಗೆ," ಎಂದರು ದೊಡ್ಡಮ್ಮ.

ದೊಡ್ಡಪ್ಪ ಕಣ್ಣೊರೆಸಿಕೊಂಡು ನನ್ನ ಕಡೆ ಬೆರಳು ತೋರಿಸಿದರು. "ನೋಡ್ದಾ? ದೊಡ್ಡದು ತಂದಿದ್ಕೇ ಇಷ್ಟು ಚೆಂದ. ಈಗ ಎಷ್ಟು ಓಡ್ತಾ ಐತೆ, ಲೆಕ್ಕ ಹೇಳು."

ಮೀಟರ್ ಸುಮಾರು ಎರಡು ವೋಲ್ಟ್ ತೋರಿಸುತ್ತಿತ್ತು. ಸ್ಪೀಕರ್ ಎಂಟು ಓಮ್. ಎರಡೆರಡ್ಲ ನಾಲ್ಕು, ಅದನ್ನು ಎಂಟರಿಂದ ಭಾಗಿಸಿದೆ.

ಅರ್ಧ ವ್ಯಾಟ್. ಎರಡು ಸ್ಪೀಕರಿಗೂ ಸೇರಿ, ಏಳುನೂರ ಐವತ್ತರಲ್ಲಿ ಒಂದು.