ಬಸ್ಸು ತಿರುಗುವ ಜಾಗದಲ್ಲಿ ಕಡೆಯ ಪೆಟ್ರೋಲ್ ಕಾರು

ಒಂದು ಕಾರು ನಿಲ್ಲಿಸುವುದಕ್ಕಾಗಿ ಒಂದು ಊರಿನ ಬಸ್ಸನ್ನೇ ನಿಲ್ಲಿಸಿದರು. ಇದು ತಪ್ಪು. ಮಾಡಿದವರಿಗೂ ಗೊತ್ತು, ನೋಡಿ ಸುಮ್ಮನಿದ್ದವರಿಗೂ ಗೊತ್ತು.

ನಮ್ಮೂರು ಮೂಡಲಗಿ ಕಡೆಯದು, ಮುಖ್ಯ ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ. ಬೆಳಿಗ್ಗೆ ಏಳಕ್ಕೆ ಒಂದು ಬಸ್ಸು ಬರುತ್ತಿತ್ತು. ಅಗಸಿಯ, ಅಂದರೆ ಊರ ಬಾಗಿಲಿನ, ಮುಂದಿನ ಬಯಲಿನಲ್ಲಿ ತಿರುಗಿ ಗೋಕಾಕಕ್ಕೆ ಹೋಗುತ್ತಿತ್ತು. ಹದಿನಾಲ್ಕು ಹುಡುಗಿಯರು ಅದರಲ್ಲಿ ಕಾಲೇಜಿಗೆ ಹೋಗುತ್ತಿದ್ದರು. ಅವರಲ್ಲಿ ನನ್ನ ತಂಗಿಯ ಮಗಳೂ ಒಬ್ಬಳು. ಅವಳ ಅಪ್ಪ ಮೊದಲ ದಿನವೇ ಹೇಳಿಬಿಟ್ಟಿದ್ದ: "ಮನಿ ಮುಂದಿಂದ ಬಸ್ ಇರೂತನಕ ಕಲಿ. ಬಸ್ ಬಂದಾತು ಅಂದ್ರ ಕಾಲೇಜೂ ಬಂದ್." ಅಂದರೆ ಆ ಬಸ್ಸಿನ ಜೊತೆ ಏನು ನಿಂತಿತು ಎಂದು ನಿಮಗೆ ಬೇರೆ ಹೇಳಬೇಕಾಗಿಲ್ಲ.

ಇಂಥವು ನಮ್ಮ ಕಡೆ ವಾರಕ್ಕೊಂದಾದರೂ ನಡೆಯುತ್ತವೆ. ನಡೆಯುವಾಗ ನನಗೆ ಮೈ ಉರಿಯುತ್ತದೆ. ಆಮೇಲೆ ಹೇಳಿದರೆ ಕೇಳಿದವರು ನಗುತ್ತಾರೆ. ನಗಲಿ. ನಕ್ಕ ಮೇಲಾದರೂ ಏಳಬೇಕು, ಅಷ್ಟೇ ನನ್ನ ಮಾತು.

ಕಡೆಯ ಮಾಡೆಲ್

ನಮ್ಮೂರ ಸಾವುಕಾರನಿಗೆ ಕಬ್ಬಿದೆ, ಎರಡು ಟ್ರ್ಯಾಕ್ಟರ್ ಇವೆ, ಎಲ್ಲದರಲ್ಲೂ ತಾನೇ ಮುಂದೆ ನಿಲ್ಲಬೇಕೆಂಬ ಚಟವಿದೆ. ಫೋನಿನಲ್ಲಿ ಯಾರೋ ಒಂದು ವಿಡಿಯೋ ಕಳಿಸಿದ್ದರು. ಪೆಟ್ರೋಲ್ ಗಾಡಿಗಳ ಕಾಲ ಮುಗಿಯಿತು, ಇನ್ನು ಎಲ್ಲ ಬ್ಯಾಟರಿಯವು ಎಂದು ಅದರಲ್ಲಿತ್ತು. ಮರುದಿನ ನನ್ನ ಮನೆಗೆ ಬಂದ.

"ಲೇ ಹೋರಾಟಗಾರ, ನಿನಗ ಇಂಗ್ಲಿಷ್ ಕಾಗದ ಓದಾಕ ಬರತೈತಿ. ಕೊಲ್ಲಾಪುರಕ್ಕ ಬಾ. ಬಂದ್ ಆಗೂದ್ರೊಳಗ ಒಂದು ಗಾಡಿ ತಗೋಳೂದೈತಿ. ಬರೂವಾಗ ಸಂಕೇಶ್ವರದಾಗ ಊಟಾ ಹಾಕಸ್ತೇನಿ."

ಹೋದೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಗಾಡಿ ಕೆಂಪಗಿತ್ತು. ಎರಡೇ ಬಾಗಿಲು. ಮೂತಿ ನಮ್ಮ ಅಡುಗೆಮನೆಗಿಂತ ಉದ್ದ, ಹೊಟ್ಟೆಗೂ ನೆಲಕ್ಕೂ ಅರ್ಧ ಗೇಣಿನಷ್ಟೇ ಅಂತರ. ಮಾರುವವನು ಸಂಕೇಶ್ವರ ಕಡೆಯವನು, ಮಾತು ಅರ್ಧ ಕನ್ನಡ ಅರ್ಧ ಮರಾಠಿ.

"ಕಾಕಾ, ಖರೆ ಹೇಳ್ತೇನಿ ಕೇಳ್ರಿ. ಎಂಟು ಸಿಲಿಂಡರ್. ಇಂಥಾ ಇಂಜಿನ್ ಇನ್ನ ಹುಟ್ಟಂಗಿಲ್ಲ. ಮುಂದ ಬರಾವು ಎಲ್ಲಾ ಬ್ಯಾಟರೀವು, ಸಪ್ಪಳನ ಇರಂಗಿಲ್ಲ. ನೀವು ಊರಿಗೆ ಬಂದಿದ್ದು ನಾಯಿಗೂ ಗೊತ್ತಾಗಂಗಿಲ್ಲ."

ನಾಯಿಗೂ ಗೊತ್ತಾಗದ ಹಾಗೆ ಊರಿಗೆ ಬರುವುದು ಸಾವುಕಾರನಿಗೆ ಸಾವಿಗಿಂತ ಕಡೆ. "ಚಾಲೂ ಮಾಡು" ಎಂದ. ಮಾಡಿದ. ಶೋರೂಮಿನ ಗಾಜುಗಳೆಲ್ಲ ನಡುಗಿದವು. ಸಾವುಕಾರನ ಕಣ್ಣಲ್ಲಿ ನೀರು ಬಂತು.

"ಎವರೇಜ್ ಎಷ್ಟು ಕೊಡತೈತಿ?" ಎಂದು ಕೇಳಿದ. ನಮ್ಮ ಕಡೆಯವರು ವಿಮಾನ ತೋರಿಸಿದರೂ ಮೊದಲು ಇದನ್ನೇ ಕೇಳುತ್ತಾರೆ.

ಮಾರುವವನಿಗೆ ನೋವಾಯಿತು. "ಕಾಕಾ, ಹುಲಿ ಒಯ್ಯಾವ್ರು ಮೇವು ಎಷ್ಟು ತಿಂತೈತಿ ಅಂತ ಕೇಳ್ತಾರೇನ್ರಿ?"

ಹುಲಿ ಮೇವು ತಿನ್ನುವುದಿಲ್ಲ ಎಂದೆ. ಇಬ್ಬರೂ ನನ್ನ ಕಡೆ ನೋಡಲಿಲ್ಲ. ಕಾಗದ ಕೊಟ್ಟರು, ಓದು ಎಂದರು. ಮೊದಲಿಂದ ಕಡೆಯವರೆಗೆ ಎರಡು ಸಲ ಓದಿದೆ. ಪೆಟ್ರೋಲ್ ಗಾಡಿ ಬಂದ್ ಆಗುತ್ತವೆ ಎಂದು ಎಲ್ಲೂ ಇರಲಿಲ್ಲ, ಇದೇ ಕಡೆಯ ಮಾಡೆಲ್ ಎಂದೂ ಇರಲಿಲ್ಲ.

"ಇದರಾಗ ಹಂಗೇನೂ ಬರದಿಲ್ಲಲ್ರಿ" ಎಂದೆ.

ಅವನು ನನ್ನ ಹೆಗಲ ಮೇಲೆ ಕೈಯಿಟ್ಟು ದನಿ ತಗ್ಗಿಸಿದ. "ಬರದ್ರ ಮಂದಿ ಗಾಬರಿ ಬೀಳ್ತಾರಂತ ಬರದಿಲ್ರಿ ಅಣ್ಣಾರ."

ಸಾವುಕಾರ ಅಲ್ಲೇ ಸಹಿ ಹಾಕಿದ.

ಮೂರು ಬೆರಳು ವಿಭೂತಿ

ಗಾಡಿ ಬಂದ ಮರುದಿನ ಬೆಳಿಗ್ಗೆ ಅಗಸಿಯಲ್ಲಿ ಪೂಜೆ. ಟ್ರ್ಯಾಕ್ಟರಿಗೆ ಕಟ್ಟುವ ಹಾಗೆ ಮೂತಿಯ ಎರಡೂ ಕಡೆ ಕಬ್ಬು ಕಟ್ಟಿದರು. ಗಾಲಿಗೊಂದು ಲಿಂಬೆಹಣ್ಣು ಇಟ್ಟರು. ಮಠದ ಅಯ್ಯನವರು ವಿಭೂತಿ ಕಲಸಿ, ಮುಂದಿನ ಗಾಜಿನ ನಡುವೆ, ಹಣೆಗೆ ಹಚ್ಚುವ ಹಾಗೆ ಮೂರು ಬೆರಳಿನಿಂದ ದಪ್ಪಗೆ ಎಳೆದರು. ಕೆಳಗೆ ಬಂಪರಿನ ಮೇಲೆ ಸಣ್ಣ ಸಣ್ಣ ಗುಂಡು ಗುರುತುಗಳಿದ್ದವು. ಗುಂಡಗೆ ಕಂಡದ್ದೆಲ್ಲ ಬೊಟ್ಟು ಇಡುವ ಜಾಗವೇ ಎಂದು ಒಂದೊಂದಕ್ಕೂ ಒಂದೊಂದು ಬೊಟ್ಟು ಇಟ್ಟರು.

ಸಾವುಕಾರ ಚಾಲೂ ಮಾಡಿದ. ಗಾಡಿ ಪೀಂ ಪೀಂ ಎಂದು ಚೀರಲು ಹತ್ತಿತು. ಪರದೆಯ ಮೇಲೆ ಕೆಂಪು ಅಕ್ಷರ ಬಂತು.

"ಏನಂತತೋ ಅದು?"

ಓದಿ ಹೇಳಿದೆ. "ಮುಂದ ಅಡ್ಡ ಐತಿ ಅಂತೈತ್ರಿ."

ಗಾಡಿಯೇ ಅಡ್ಡ ಇದೆ ಎಂದ ಮೇಲೆ ಮುಂದೆ ಬಿಡುವುದು ಹೇಗೆ? ಅಡ್ಡ ಹುಡುಕಲು ಊರೇ ಎದ್ದಿತು. ನಾಯಿ ಓಡಿಸಿದರು. ತೆಂಗಿನ ಚಿಪ್ಪು ಆರಿಸಿದರು. ಅಷ್ಟರಲ್ಲಿ ಒಬ್ಬ, ಬದಿಗೆ ನಿಂತು ನೋಡುತ್ತಿದ್ದ ವಿಧವೆ ಮುದುಕಿಯನ್ನು ಕಂಡು, "ಏ ಆಯಿ, ಆಚೀಕ ಸರಿ" ಎಂದ. ಮನೆಯಲ್ಲಿ ಬಸವಣ್ಣನ ಫೋಟೋಕ್ಕೆ ದಿನಾ ಹೂ ಏರಿಸುವ ಮಂದಿ ಇವರು. ಒಬ್ಬನ ಬಾಯಲ್ಲೂ ಬೇಡ ಎಂಬ ಮಾತು ಬರಲಿಲ್ಲ. ನಾನು ಕೂಗಾಡಿದೆ. ಮುದುಕಿ ಮಾತ್ರ ತಣ್ಣಗೆ ಕಟ್ಟೆಯ ಹಿಂದೆ ಹೋಗಿ ಕೂತಳು. ಗಾಡಿ ಚೀರುತ್ತಲೇ ಇತ್ತು.

"ನಾ ಅಲ್ರೆಪಾ ಅಡ್ಡ" ಎಂದು ಅಲ್ಲಿಂದಲೇ ಕೂಗಿ ಹೇಳಿದಳು. "ನಿಮ್ಮೊಳಗ ಯಾರರ ಅದಾರೇನು ನೋಡಕೋರಿ."

ಹಿಂದೆ ಏಳರ ಬಸ್ಸು ಬಂದು ಹಾರ್ನ್ ಹೊಡೆಯುತ್ತಿತ್ತು. ಹುಡುಗಿಯರು ಹತ್ತಿ ಕೂತಿದ್ದರು. ನನ್ನ ತಂಗಿಯ ಮಗಳಿಗೆ ಅಂದು ಪ್ರಾಕ್ಟಿಕಲ್ ಪರೀಕ್ಷೆ. ಕಿಟಕಿಯಿಂದ ಕೈ ಬೀಸಿ, "ಮಾಮಾ, ಟೈಮ್ ಆತು, ಏನರ ಮಾಡೋ" ಎನ್ನುತ್ತಿದ್ದಳು. ಸಾವುಕಾರನ ಕೈಯಿಂದ ಕೊಲ್ಲಾಪುರದ ಆ ಮಾರುವವನಿಗೆ ಫೋನ್ ಹಚ್ಚಿಸಿದೆ.

"ಕಾಕಾ, ಕ್ಯಾಮೆರಾದ ಮ್ಯಾಲ ಏನರ ಹಚ್ಚೀರೇನ್ರಿ?"

"ಏನೂ ಹಚ್ಚಿಲ್ಲೋ. ವಿಭೂತಿ ಅಷ್ಟ."

"ಅದನ್ನ ಒರಸ್ರಿ."

ವಿಭೂತಿ ಒರೆಸುವವರು ಯಾರು? ಎಲ್ಲರೂ ಅಯ್ಯನವರ ಮುಖ ನೋಡಿದರು. "ಹಚ್ಚೂದು ನನ್ನ ಕೆಲಸ. ಒರಸೂದು ಕಂಪನೀದು" ಎಂದು ಅವರು ಪೂಜೆಯ ಚೀಲ ಎತ್ತಿಕೊಂಡರು. ಹೀಗೇ ಮುಕ್ಕಾಲು ತಾಸು ಹೋಯಿತು. ಕಡೆಗೆ ಕಂಡಕ್ಟರ್ ಇಳಿದು ಬಂದ. ಕರ್ಚೀಫ್ ತೆಗೆದ, ಉಗುಳು ಹಚ್ಚಿದ, ಗಾಜು ಬಂಪರು ಎಲ್ಲ ಒರೆಸಿದ.

"ಪಾಪ ಬಂದ್ರ ಡಿಪೋಕ್ಕ ಬರಲಿ" ಎಂದ. "ಅಲ್ಲೆ ಮೊದಲ ಬೇಕಾದಷ್ಟು ಐತಿ."

ಕೌದಿ

ಗಾಡಿ ಸಾವುಕಾರನ ಮನೆ ಮುಟ್ಟಲೇ ಇಲ್ಲ. ಅವನ ಓಣಿಯ ಬಾಯಲ್ಲಿ ಗಟಾರದ ಮೇಲೆ ಒಂದು ಹಾಸುಗಲ್ಲಿದೆ. ಎತ್ತಿನ ಬಂಡಿ ದಾಟುತ್ತದೆ, ಟ್ರ್ಯಾಕ್ಟರ್ ದಾಟುತ್ತದೆ. ಎಂಟು ಸಿಲಿಂಡರಿನ ಗಾಡಿ ಹೊಟ್ಟೆ ಊರಿ ಕಲ್ಲಿನ ಮೇಲೆ ಕೂತುಬಿಟ್ಟಿತು. ಹನ್ನೆರಡು ಮಂದಿ ಎತ್ತಿ ಹಿಂದಕ್ಕೆ ತಂದೆವು. ನಾನೂ ಕೈ ಹಾಕಿದೆ. ಅಂದಿನಿಂದ ಅದು ಅಗಸಿಯ ಬಯಲಿನ ನಟ್ಟ ನಡುವೆ, ಬೇವಿನ ನೆರಳು ಬೀಳುವ ಕಡೆ ನಿಂತಿದೆ. ಅದು ಬಸ್ಸು ತಿರುಗುವ ಜಾಗ.

ಧೂಳು ಕೂಡುತ್ತದೆ ಎಂದು ಮನೆಯಿಂದ ಮೂರು ಕೌದಿ ತರಿಸಿ ಹೊಚ್ಚಿಸಿದ. ಅವನ ತಾಯಿ, ಎಂಬತ್ತು ದಾಟಿದ ಮುದುಕಿ, ಹಳೇ ಸೀರೆ ಧೋತರ ಕೂಡಿಸಿ ಕೈಯಿಂದ ಹೊಲಿದ ಕೌದಿಗಳವು. ಅವಳು ಕೋಲು ಊರುತ್ತಾ ಅಗಸಿಗೆ ಬಂದು ನೋಡಿದಳು.

"ನನ್ನ ಮಗ ನನಗ ಒಂದ ಹೊಚ್ಚತಾನ, ಇದಕ್ಕ ಮೂರು" ಎಂದಳು. "ಇದಕ್ಕೇನು ದಮ್ಮ ಐತೇನು?"

ಡ್ರೈವರ್ ಎರಡು ವಾರ ಬಸ್ಸನ್ನು ಒಂದು ಫರ್ಲಾಂಗು ಹಿಂದಕ್ಕೇ ಒಯ್ದು ತಿರುಗಿಸಿದ. ಮೂರನೆಯ ವಾರ ಹಿಂದಿನ ಗಾಲಿ ಗಟಾರಕ್ಕೆ ಇಳಿಯಿತು. ನಾನು ಸಾವುಕಾರನ ಕಟ್ಟೆಗೆ ಹೋಗಿ ನಿಂತೆ.

"ಸಾವ್ಕಾರ್ರ, ಅದು ಬಸ್ ತಿರಗೂ ಜಾಗಾರಿ. ಗಾಡಿ ತಗೀರಿ. ಹುಡುಗ್ಯಾರ ಕಾಲೇಜು ಹೋಗತೈತಿ."

ಅವನು ಸಿಟ್ಟಾಗಲಿಲ್ಲ. ಮಗುವಿಗೆ ತಿಳಿಹೇಳುವ ಹಾಗೆ ಹೇಳಿದ.

"ತಮ್ಮಾ, ಬಸ್ಸು ಸರಕಾರ ಎಷ್ಟ ಬೇಕಾರ ಮಾಡತೈತಿ. ಹುಡುಗ್ಯಾರು ವರ್ಷಾ ವರ್ಷಾ ಪಾಸಾಗ್ತಾರ. ಈ ಗಾಡಿ ಮತ್ತ ಮಾಡಂಗಿಲ್ಲೋ."

ಗಾಲಿ ಇದ್ದದ್ದು

ಬಸ್ಸು ನಿಂತಿತು. ಡಿಪೋಕ್ಕೆ ಹೋದೆ. ಸಾಹೇಬ ಕಾಗದ ತೋರಿಸಿದ: ತಿರುಗಿಸಲು ಸ್ಥಳಾವಕಾಶ ಇಲ್ಲ. ಜಾಗ ಬಿಡಿಸುವುದು ಪಂಚಾಯತಿ ಕೆಲಸ ಎಂದ. ಪಂಚಾಯತಿಗೆ ಹೋದೆ. ಸರಕಾರಿ ಬಯಲಿನಲ್ಲಿ ಅತಿಕ್ರಮಣ ಆಗಿದೆ ಎಂದು ಅರ್ಜಿ ಕೊಟ್ಟೆ. ಅಲ್ಲಿಯ ಸಾಹೇಬ ಕನ್ನಡಕ ಹಾಕಿಕೊಂಡು ಓದಿ, ಕನ್ನಡಕ ತೆಗೆದ.

"ಗುಡಿಸಲಾ ಹಾಕಿದ್ರ ಇವತ್ತ ಕೀಳಸ್ತಿದ್ದೆ. ಗಾಲಿ ಇದ್ದದ್ದು ಅತಿಕ್ರಮಣ ಆಗಂಗಿಲ್ಲ."

"ಅದು ಎರಡು ತಿಂಗಳಿಂದ ಅಳ್ಳಾಡಿಲ್ರಿ ಸಾಹೇಬ್ರ."

"ಅಳ್ಳಾಡಬೇಕಂತ ಕಾಯ್ದೇದಾಗ ಇಲ್ಲ. ಅಳ್ಳಾಡಾಕ ಬಂದ್ರ ಸಾಕು."

ಹೋದ ವರ್ಷ ಇದೇ ಬಯಲಿನ ಮೂಲೆಯಲ್ಲಿ ಒಬ್ಬ ಹೆಣ್ಣುಮಗಳು ತಳ್ಳುಗಾಡಿಯ ಮೇಲೆ ಮಿರ್ಚಿ ಭಜಿ ಮಾಡುತ್ತಿದ್ದಳು. ಇದೇ ಸಾಹೇಬ ಎತ್ತಿಸಿ ಒಯ್ದಿದ್ದ. ಅದಕ್ಕೂ ನಾಲ್ಕು ಗಾಲಿ ಇದ್ದವಲ್ಲ ಎಂದು ಕೇಳಿದೆ.

"ಇದ್ದವು" ಎಂದ. "ಇಂಜಿನ್ ಇರಲಿಲ್ಲ."

ಇತ್ತ ಹುಡುಗಿಯರು ಬೆಳಿಗ್ಗೆ ಆರಕ್ಕೇ ಮನೆ ಬಿಟ್ಟು, ಕಬ್ಬಿನ ನಡುವೆ ಮೂರು ಕಿಲೋಮೀಟರ್ ನಡೆದು ಮುಖ್ಯ ರಸ್ತೆಗೆ ಹೋಗಲು ಹತ್ತಿದರು. ಅಲ್ಲಿ ಸಿಕ್ಕ ಟಂಟಂ ಆಟೋ ಮಂದಿ ತುಂಬಿಕೊಂಡು ಗೋಕಾಕ ಮುಟ್ಟುವುದು ಒಂಬತ್ತರ ಮೇಲೆ, ಅಷ್ಟರಲ್ಲಿ ಎರಡು ಪಿರಿಯಡ್ ಮುಗಿದಿರುತ್ತವೆ. ಹದಿನಾಲ್ಕು ಮಂದಿ ಹನ್ನೊಂದಾದರು, ಹನ್ನೊಂದು ಏಳಾದರು. ನನ್ನ ತಂಗಿಯ ಗಂಡ ಮಗಳ ಮುಂದೆಯೇ ನನಗೆ ಹೇಳಿದ: "ಮಾವಾ, ಈ ತಿಂಗಳು ನೋಡತೇನಿ. ಬಸ್ ಬರಲಿಲ್ಲಂದ್ರ ಮನ್ಯಾಗ ಇರಲಿ. ಮತ್ತ ನನಗ ಭಾಷಣ ಮಾಡಬ್ಯಾಡ."

ಊರೂರು ಭಾಷಣ ಮಾಡಿದವನು ನಾನು. ಅಂದು ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ.

ಸಾವುಕಾರ ಬಸ್ಸಿಗೆ ಕಾದದ್ದು

ಸಾವುಕಾರನ ಮಗನಿಗೆ ಹುಕ್ಕೇರಿಯಲ್ಲಿ ಕನ್ಯೆ ಗೊತ್ತಾಯಿತು. ಮಾತುಕತೆಗೆ ಹತ್ತು ಗಂಟೆಯೊಳಗೆ ಬೀಗರ ಮನೆಯಲ್ಲಿರಬೇಕು. ಗಾಡಿಯ ಸಪ್ಪಳ ಹುಕ್ಕೇರಿಗೆ ಕೇಳಿಸಬೇಕೆಂದು ಹಳೇ ಜೀಪನ್ನು ಮೊದಲೇ ಮಾರಿದ್ದ. ಮಗ ಹಿಂದಿನ ದಿನವೇ ಬೈಕಿನಲ್ಲಿ ಗೋಕಾಕಕ್ಕೆ ಹೋಗಿ ಗೆಳೆಯನ ಮನೆಯಲ್ಲಿದ್ದ.

ಬೆಳಿಗ್ಗೆ ಗರಿಗರಿ ಧೋತರ, ಹೆಗಲ ಮೇಲೆ ಜರಿ ಶಲ್ಯ. ಕೌದಿ ತೆಗೆಸಿ ಗುಂಡಿ ಒತ್ತಿದ. ಗಾಡಿ ಉಸಿರೆತ್ತಲಿಲ್ಲ. ಮೂತಿ ಎತ್ತಿ ನೋಡಿದರೆ, ಎಂಟು ಸಿಲಿಂಡರುಗಳ ನಡುವೆ ಒಂದು ಇಲಿ ಮರಿ ಹಾಕಿ ಮಲಗಿತ್ತು. ಕೌದಿಯ ಅರಿವೆ ಹರಿದು ತಂದು ಮೆತ್ತಗೆ ಹಾಸಿಕೊಂಡಿತ್ತು. ವೈರುಗಳನ್ನು ಊಟಕ್ಕೆ ಇಟ್ಟುಕೊಂಡಿತ್ತು.

ಸಾವುಕಾರ ಕೋಲು ಎತ್ತಿದ. ಅವನ ತಾಯಿ ಅಡ್ಡ ನಿಂತಳು. "ಬಾಣಂತಿ ಐತೋ ಅದು. ಹನ್ನೆರಡು ದಿನಾ ಎಬ್ಬಸಬ್ಯಾಡ. ಶುಭ ಕಾರ್ಯೇಕ್ಕ ಹೊಂಟೀದಿ."

ಟ್ರ್ಯಾಕ್ಟರಿನಲ್ಲಿ ಬೀಗರ ಮನೆಗೆ ಹೋಗಲು ಆಗುವುದಿಲ್ಲ. ಹೆಂಡತಿಯ ಕೈಯಲ್ಲಿ ಹಣ್ಣಿನ ಬುಟ್ಟಿ ಕೊಟ್ಟು ಸಾವುಕಾರ ಅಗಸಿಯ ಕಟ್ಟೆಯ ಮೇಲೆ ಬಂದು ಕೂತ. ಏಳಾಯಿತು. ಏಳೂಕಾಲಾಯಿತು. ಅಂದು ಹುಡುಗಿಯರಿಗೆ ಕಾಲೇಜು ತಡವಾಗಿ ಶುರು. ಅವರ ಜೊತೆ ನಾನೂ ನಡೆಯಲು ಹೊರಟಿದ್ದೆ. ನನ್ನನ್ನು ಕೂಗಿದ.

"ಲೇ, ಏಳರ ಬಸ್ ಯಾಕ ಬರಲಿಲ್ಲೋ?"

ದೇವರಾಣೆ, ಹಾಗೇ ಕೇಳಿದ. ನನ್ನ ತಂಗಿಯ ಮಗಳು ಹೇಳಿದಳು: "ಕಾಕಾರ, ಅದರ ಜಾಗಾದಾಗ ನಿಮ್ಮ ಬಾಣಂತಿ ಮಲಗೇತ್ರಿ. ಎದ್ದ ಮ್ಯಾಲ ಬರತೈತಿ."

ಏಳೂ ಹುಡುಗಿಯರು ನಕ್ಕರು. ಸಾವುಕಾರ ಧೋತರ ಎತ್ತಿ ಹಿಡಿದು ನಮ್ಮ ಜೊತೆ ನಡೆದ. ಹೆಂಡತಿ ಹಿಂದೆ, ಬುಟ್ಟಿ ತಲೆಯ ಮೇಲೆ. ಅರ್ಧ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಾದು, ಜರಿ ಶಲ್ಯದ ಮೇಲೆ ಧೂಳು ಏರಿಸಿ ಹೋಯಿತು. ಅದು ಅವನದೇ ಟ್ರ್ಯಾಕ್ಟರ್.

"ಇಷ್ಟ ದೂರ ದಿನಾ ನಡೀತೀರೇನವಾ?" ಎಂದು ಕೇಳಿದ.

"ಹೂನ್ರಿ."

"ಅನ್ಯಾಯ" ಎಂದ. ನಿಂತು, ಬೆವರು ಒರೆಸಿ, ನನ್ನ ಕಡೆ ತಿರುಗಿದ. "ಇದು ದೊಡ್ಡ ಅನ್ಯಾಯ ಐತಲೇ. ನೀ ಹೋರಾಟಾ ಮಾಡು. ಬಸ್ ಬರೂತನಕ ಬಿಡಬ್ಯಾಡ. ಮಂದಿಗೆ ಚಾ ನಂದು, ನಾಷ್ಟಾ ನಂದು. ಪೆಂಡಾಲಾ ನಾನ ಹಾಕಸ್ತೇನಿ."

ಮನುಷ್ಯನಿಗೆ ಬುದ್ಧಿ ಬಂತಲ್ಲ ಎಂದು ಒಂದು ಕ್ಷಣ ಎದೆ ತಣ್ಣಗಾಯಿತು. "ಎಲ್ಲೆ ಹಾಕಸ್ತೀರಿ ಸಾವ್ಕಾರ್ರ?"

"ಅಗಸ್ಯಾಗ, ಗಾಡಿ ಮ್ಯಾಲಿಂದ" ಎಂದ. "ಅದಕ್ಕೂ ನೆರಳಾಗತೈತಿ."

ಇವತ್ತಿಗೂ ಗಾಡಿ ಅಲ್ಲೇ ಇದೆ. ಬಸ್ಸು ಬಂದಿಲ್ಲ. ತಿಂಗಳು ಮುಗಿಯಲು ಒಂಬತ್ತು ದಿನ ಉಳಿದಿವೆ, ನನ್ನ ತಂಗಿಯ ಮಗಳು ಈಗಲೂ ಆರಕ್ಕೆ ಮನೆ ಬಿಟ್ಟು ನಡೆಯುತ್ತಿದ್ದಾಳೆ. ಅರ್ಜಿ ಬರೆಯುವುದನ್ನು ನಾನು ಬಿಟ್ಟಿದ್ದೇನೆ. ಸೋಮವಾರ ಬೆಳಿಗ್ಗೆ ಆರಕ್ಕೆ ನಾವು ಆ ಗಾಡಿಯನ್ನು ಎತ್ತಿ ಬದಿಗಿಡುತ್ತೇವೆ. ಹನ್ನೆರಡು ಮಂದಿ ಬೇಕು. ಪೂಜೆಯ ದಿನ ಆಚೆ ಸರಿ ಎನಿಸಿಕೊಂಡ ಆ ಮುದುಕಿ ಬರುತ್ತಾಳೆ, ಏಳು ಹುಡುಗಿಯರು ಬರುತ್ತಾರೆ, ನಾನಿದ್ದೇನೆ. ಇನ್ನು ಮೂರು ಮಂದಿ ಕಡಿಮೆ ಬಿದ್ದಿದ್ದಾರೆ. ಓದಿ ನಕ್ಕಿರಲ್ಲ, ಎದ್ದು ಬನ್ನಿ.