ಚಿಗರಿ ಬೇಟೆಗೆ ಹೊಸ ಸೀರೆ

ಚಿಗರಿ ಓಡಿಸುವುದು ಏನು ಮಹಾ ಕೆಲಸ? ಜಿಂಕೆಯ ಜಾತಿ, ಕಾಲು ನಾಲ್ಕಿದ್ದರೂ ಜೀವ ಪುಕ್ಕಲು. ನಮಗೆ ಕಾಲು ಎರಡೇ, ಆದರೆ ಮೇಲೊಂದು ತಲೆ ಇದೆ. ಯಾವಗಲ್ ಊರಿನ ಮಾವನ ಮನೆಯ ಪಡಸಾಲೆಯಲ್ಲಿ ಕೂತು, ಎರಡನೇ ಕಪ್ ಚಹಾ ಹೀರುತ್ತ ನಾನು ಹೀಗೆ ಘೋಷಿಸಿದೆ. ಆ ತಲೆಯ ವಿಷಯವನ್ನು ಈಗ ಆ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಮರ್ಯಾದಸ್ಥರು.

ನಮ್ಮದು ಗಜೇಂದ್ರಗಡ. ಮಗ್ಗದ ಮನೆ. ಅವ್ವ ಸೀರೆ ನೇಯುತ್ತಾಳೆ, ನಾನು ಅವನ್ನು ಹೊತ್ತುಕೊಂಡು ಹೋಗಿ ಅಂಗಡಿಗಳಿಗೆ ಮುಟ್ಟಿಸುತ್ತೇನೆ. ಹೊಲಕ್ಕೂ ನನಗೂ ಇರುವ ಸಂಬಂಧ ಬಸ್ಸಿನ ಕಿಟಕಿಯಿಂದ ನೋಡಿದ್ದಷ್ಟೇ. ಹೋದ ಬೇಸಿಗೆಯಲ್ಲಿ ಯಾವಗಲ್ಲಿನ ರೇಣುಕಾಳನ್ನು ಮದುವೆಯಾದ ದಿನದಿಂದ ಊರವರು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಅಳಿಯಾರ, ಕಡ್ಲಿ ಗಿಡಕ್ಕ ಕಾಯಿ ಮ್ಯಾಲ ಬಿಡ್ತಾವೋ, ಬೇರಿಗೆ ಬಿಡ್ತಾವೋ?" ಮೊದಲ ಸಲ ನಾನು ಯೋಚನೆ ಮಾಡಿ ಉತ್ತರ ಹೇಳಿದ್ದೇ ತಪ್ಪಾಯಿತು.

ಸಂಕ್ರಾಂತಿ ಮುಗಿದು, ಚಳಿ ಇನ್ನೂ ಹೋಗಲೋ ಬೇಡವೋ ಎಂದು ಬಾಗಿಲಲ್ಲಿ ನಿಂತ ಕಾಲ. ನರಗುಂದದ ಅಂಗಡಿಗೆ ಹೊಸ ಸೀರೆಗಳ ಗಂಟು ಒಯ್ಯುತ್ತಿದ್ದವನು, ತವರಿಗೆ ಬಂದಿದ್ದ ರೇಣುಕಾಳನ್ನು ನೋಡಿಕೊಂಡು ಹೋಗೋಣವೆಂದು ಯಾವಗಲ್ಲಿನಲ್ಲಿ ಇಳಿದೆ. ಮಾವ, ಅತ್ತೆ ಇಟಗಿ ಭೀಮವ್ವನ ಗುಡಿಗೆ ಹೊರಟು ನಿಂತಿದ್ದರು. ಮಾವನ ಕಾಲು ಮಾತ್ರ ಹೊಸ್ತಿಲು ದಾಟುತ್ತಿರಲಿಲ್ಲ.

"ಏನಾತ್ರಿ ಮಾವಾರ?"

"ಚಿಗರಿ ಕಾಟ ಭಾಳ ಆಗೈತ್ರಿ. ರಸ್ತೆ ಕಡೆ ಪಟ್ಟಿಯೊಳಗಿನ ಕಡ್ಲಿ ಬೀಜಕ್ಕಂತ ಬಿಟ್ಟೀನಿ. ಈ ವರ್ಷ ಅಂಥಾ ಕಾಯಿ ಎಲ್ಲೂ ಹಿಡದಿಲ್ಲ. ಅದು ಹೋತಂದ್ರ ಮುಂದಿನ ಸಲ ಬಿತ್ತಾಕ ಮಂದಿ ಮನಿ ಬಾಗಲಾ ಬಡೀಬೇಕ್ರಿ."

"ನಾ ಅದೀನಲ್ರಿ!"

ಮಾವ ನನ್ನನ್ನು ನೋಡಿದರು. ಆಮೇಲೆ ದೇವರ ಫೋಟೋ ನೋಡಿದರು.

"ನಾಳೆ ಸಂಜಿಕೆ ಬಂದು ಬಿಡ್ತೀವ್ರಿ," ಎಂದರು. ಅದು ನನಗೆ ಹೇಳಿದ್ದೋ ದೇವರಿಗೋ ತಿಳಿಯಲಿಲ್ಲ.

ಅವರು ಬಸ್ಸು ಹತ್ತಿದ್ದೇ ತಡ, ನಾನು ಅಂಗಿಯ ತೋಳು ಮಡಚಿದೆ. "ರೇಣುಕಾ, ಇವತ್ತ ಬ್ಯಾಟಿ!"

"ರೀ, ಹುಚ್ಚ ಗಿಚ್ಚ ಹಿಡದೈತೇನು? ಚಿಗರಿ ಹೊಡದ್ರ ಜೇಲಿಗೆ ಹಾಕ್ತಾರ!"

"ಹೊಡಿಯೂದಿಲ್ಲ. ಬುದ್ಧಿಲೆ ಬ್ಯಾಟಿ ಆಡ್ತೀನಿ."

"ಹಂಗಾದ್ರ ಚಿಂತಿಲ್ಲ ಬಿಡ್ರಿ," ಎಂದು ಅವಳು ಒಳಗೆ ಹೋದಳು. ಅವಳ ಮಾತಿನಲ್ಲಿ ಹೊಗಳಿಕೆ ಇದೆ ಎಂದೇ ನಾನು ತಿಳಿದೆ.

ಹೊಲದಲ್ಲಿ ಚಿಗರಿಗಳು ಆಗಲೇ ಪಂಕ್ತಿ ಹಿಡಿದು ಕೂತ ಅತಿಥಿಗಳಂತೆ ಮೇಯುತ್ತಿದ್ದವು. ನಡುವೆ ತಿರುಚಿದ ಕೋಡಿನ ಒಂದು ಕಪ್ಪು ಗಂಡು, ಊಟದ ಮೇಲುಸ್ತುವಾರಿ ನೋಡುವ ಯಜಮಾನನ ಹಾಗೆ ತಲೆ ಎತ್ತಿ ನಿಂತಿತ್ತು. ಪಕ್ಕದ ಹೊಲದ ಬಸಣ್ಣ ಕಾಕಾ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದರು. ನಾನು ಮಾವನ ಕವಣೆ ತೆಗೆದು, ಅದರಲ್ಲಿ ಎರೆಮಣ್ಣಿನ ಹೆಂಟೆಯೊಂದನ್ನಿಟ್ಟು, ತಲೆಯ ಸುತ್ತ ಗರಗರ ತಿರುಗಿಸಿ, ಶತ್ರುಪಡೆಯತ್ತ ಬೀಸಿದೆ.

ಹೆಂಟೆ ಹಿಂದಕ್ಕೆ ಹೋಯಿತು.

"ಏ ಅಳಿಯಾರ! ಚಿಗರಿ ಆ ಕಡೆ ಅದಾವ್ರಿ! ನನ್ನ ಮೊಸರಿನಾಗ ಮಣ್ಣು ಬಿತ್ತು!"

"ತಪ್ಪಾತ್ರಿ ಕಾಕಾ, ಕವಣಿ ಸ್ವಲ್ಪ ಸೊಟ್ಟ ಐತಿ."

"ಕವಣಿ ನೆಟ್ಟಗೈತ್ರಿ," ಎಂದರು ಕಾಕಾ, ರೊಟ್ಟಿಯ ಮೇಲಿನ ಮಣ್ಣು ಕೊಡವುತ್ತ.

ಇದರಿಂದ ಕುಗ್ಗುವ ಕುಲ ನಮ್ಮದಲ್ಲ. ಸಂಜೆ ಮುಂದೆ, ಪಕ್ಕದ ಓಣಿಯ ಹುಡುಗರಿಂದ ದೊಡ್ಡದೊಂದು ಸ್ಪೀಕರ್ ತಂದು ಬದುವಿನಲ್ಲಿಟ್ಟು, ಫೋನಿನಲ್ಲಿ ಹುಲಿಯ ಗರ್ಜನೆ ಹುಡುಕಿ, ಪೂರ್ತಿ ದನಿಯಲ್ಲಿ ಬಿಟ್ಟೆ. ಹುಲಿ ಎಂಥದ್ದೆಂದರೆ ನನಗೇ ಒಂದು ಕ್ಷಣ ಮೈ ಜುಂ ಎಂದಿತು! ಚಿಗರಿಗಳು ಒಮ್ಮೆ ಕಿವಿ ನಿಮಿರಿಸಿದವು. ಮತ್ತೆ ಮೇಯತೊಡಗಿದವು. ಪಾಪ, ಅವುಗಳದ್ದೇನು ತಪ್ಪು? ಯಾವಗಲ್ಲಿನ ಚಿಗರಿ ಹುಲಿಯನ್ನು ಎಲ್ಲಿ ಕಂಡಿದೆ? ಯಾವುದೋ ಟ್ರ್ಯಾಕ್ಟರಿನ ಇಂಜಿನ್ ಕೆಟ್ಟಿದೆ ಎಂದುಕೊಂಡಿರಬೇಕು. ಆದರೆ ಬಸಣ್ಣ ಕಾಕಾನ ಎಮ್ಮೆಗೆ ಹುಲಿಯ ಬಗ್ಗೆ ಏನೋ ತಿಳಿವಳಿಕೆ ಇತ್ತು. ಅದು ಹಗ್ಗ ಹರಿದುಕೊಂಡು, ಬಾಲ ಎತ್ತಿಕೊಂಡು, ನೇರವಾಗಿ ನಮ್ಮ ಕಡಲೆಯ ನಡುವೆ ಓಡಿತು. ಅದರ ಹಿಂದೆ ಕಾಕಾ. ಅವರ ಹಿಂದೆ ನಾನು. ಚಿಗರಿಗಳು ಮಾತ್ರ ದಾರಿ ಬಿಟ್ಟು ಸರಿದು ನಿಂತು, ನಮ್ಮ ಮೆರವಣಿಗೆ ನೋಡಿದವು.

ಎಮ್ಮೆಯನ್ನು ಕಟ್ಟಿ ಬಂದ ಕಾಕಾ ಉಸಿರು ಬಿಡುತ್ತ ಹೇಳಿದರು: "ಅಳಿಯಾರ, ಕೈ ಮುಗೀತೀನ್ರಿ. ನನ್ನ ಹೊಲಾ ನೋಡ್ರಿ. ಸುತ್ತಲೂ ಹಳೀ ಸೀರಿ ಕಟ್ಟೀನಿ. ಗಾಳಿಗೆ ಪಟಪಟ ಅಂತಾವು, ಚಿಗರಿ ಹತ್ತರ ಬರೂದಿಲ್ಲ. ನೀವೂ ನಾಕು ಹಳೀ ಸೀರಿ ಕಟ್ರಿ. ಹುಲಿನ ಮಾತ್ರ ಮನಿಗೆ ಕಳಸ್ರಿ."

ಮನೆಗೆ ಹೋಗಿ ಕೇಳಿದರೆ ರೇಣುಕಾ ಕೈ ತಿರುವಿದಳು. "ಹಳೀ ಸೀರಿ ಎಲ್ಲ್ಯಾವ್ರಿ? ಅವ್ವ ಇದ್ದಬದ್ದವೆಲ್ಲಾ ಕೌದಿ ಹೊಲಿಯಾಕ ಕೊಟ್ಟಾಳ."

ಇಲ್ಲಿ ನನ್ನ ತಲೆ ಕೆಲಸ ಮಾಡಿತು. ನಿಜ ಹೇಳುತ್ತೇನೆ, ಕಾಕಾನ ಹೊಲದ ಸುತ್ತಲಿನ ಹರಕು ಸೀರೆಗಳನ್ನು ಕಂಡಾಗಲೇ ನನ್ನೊಳಗಿನ ನೇಕಾರ ನೊಂದಿದ್ದ. ಬಣ್ಣ ಮಾಸಿ, ಅಂಚು ಕಿತ್ತು, ಸೆರಗು ಚಿಂದಿಯಾಗಿ! ಅಂಥವಕ್ಕೇ ಚಿಗರಿ ಹೆದರುವುದಾದರೆ, ಗಜೇಂದ್ರಗಡದ ಹೊಚ್ಚ ಹೊಸ ಸೀರೆಗೆ ಎಷ್ಟು ಹೆದರಬೇಡ? ಕೆಂಪು, ಹಸಿರು, ಅರಿಸಿನ ಬಣ್ಣ, ನಡುವೆ ಝಗಝಗ ಅಂಚು! ಒಂದು ರಾತ್ರಿಯ ಮಾತು. ಬೆಳಗ್ಗೆ ಬಿಚ್ಚಿ, ಮಡಚಿ, ನರಗುಂದಕ್ಕೆ ಒಯ್ದರಾಯಿತು. ಯಾರಿಗೆ ಗೊತ್ತಾಗುತ್ತದೆ?

ಗಂಟು ಹೆಗಲಿಗೇರಿಸಿದ್ದನ್ನು ಕಂಡು ರೇಣುಕಾ ಕೇಳಿದಳು, "ಸೀರಿ ಎಲ್ಲಿಗೆ ಹೊಂಟ್ವು?"

"ಗಾಳಿಗೆ ಹಾಕ್ಕೊಂಡು ಬರ್ತೀನಿ."

ಸುಳ್ಳಲ್ಲ. ಗಾಳಿಗೇ ಹಾಕಿದೆ! ಗೂಟದಿಂದ ಗೂಟಕ್ಕೆ ಬಿಗಿಯಾಗಿ ಕಟ್ಟಿ ಮುಗಿಸುವಷ್ಟರಲ್ಲಿ ಹೊಲ ಮದುವೆ ಹಂದರದ ಹಾಗೆ ಕಂಗೊಳಿಸಿತು. ಮನೆಗೆ ಬಂದು, ಉಂಡು, ಗೆದ್ದ ಸೇನಾಪತಿಯ ಹಾಗೆ ಮಲಗಿದೆ.

ಬೆಳಗ್ಗೆ ಎದ್ದು ಓಡಿದರೆ, ಒಂದೂ ಚಿಗರಿ ಇಲ್ಲ! ಎಲ್ಲವೂ ದೂರದ ಬೀಳಿನಲ್ಲಿ ನಿಂತು, ನಮ್ಮ ಹೊಲವನ್ನು ನೋಡುತ್ತಿದ್ದವು. ಆ ಕರಿಯ ಯಜಮಾನನಿಗೆ ನಾನು ಕೈ ಬೀಸಿದೆ. ಬೇಟೆ ಮುಗಿದಿತ್ತು. ಅಳಿಯನ ಮರ್ಯಾದೆ ಉಳಿದಿತ್ತು.

ಆಗ ಕೂಲಿಗೆ ಹೊರಟ ಹೆಂಗಸರ ಗುಂಪೊಂದು ರಸ್ತೆಯಲ್ಲಿ ನಿಂತಿತು.

"ಏ ಯವ್ವಾ, ನೋಡ್ರೇ ಇಲ್ಲಿ! ಹೊಲದಾಗ ಸೀರಿ ಅಂಗಡಿ!"

ಮುಂದೆ ಬಂದವಳು ಎದುರುಮನೆಯ ಶಾಂತವ್ವ. ಅವಳ ಬಾಯಿಗೆ ಬಿದ್ದ ಸುದ್ದಿ ಬಸ್ಸಿಗಿಂತ ಮೊದಲು ರೋಣ ಮುಟ್ಟುತ್ತದೆ. ಸೀರೆಯ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, "ಅಳಿಯಾರ, ಇದು ಕೈಮಗ್ಗದ್ದೇನ್ರಿ?" ಎಂದಳು.

ಅಷ್ಟು ಸಾಕಾಯಿತು. ನೇಕಾರನ ಮಗನಿಗೆ ಯಾರಾದರೂ ಅಂಚು ಮುಟ್ಟಿ ಕೇಳಿದರೆ ಅವನು ಕಾವಲುಗಾರನಾಗಿ ಉಳಿಯುತ್ತಾನೆಯೇ? "ಬರ್ರಿ ಅಕ್ಕಾರ, ಒಳಗ ಬರ್ರಿ! ಸೆರಗಿನ ಕೆಲಸಾ ನೋಡ್ರಿ! ಹಿಂದಿನ ಮಗ್ಗಲ ನೋಡ್ರಿ, ಒಂದು ಎಳಿ ಹೊರಗ ಬಂದಿಲ್ಲ!" ಎಂದು ನಾನೇ ಬದು ದಾಟಿಸಿ ಕರೆದೆ. ಸುದ್ದಿ ಹೋಯಿತು. ಓಣಿ ಓಣಿಯಿಂದ ಹೆಂಗಸರು ಬಂದರು. ಯಾರಿಗೆ ಕೆಂಪು ಬೇಕೋ ಅವರು ಆ ತುದಿಗೆ, ಯಾರಿಗೆ ಹಸಿರು ಬೇಕೋ ಅವರು ಈ ತುದಿಗೆ. ಮಧ್ಯದ ದಾರಿ ಕಡಲೆಯ ಮೇಲೇ!

ಅಂಗಡಿಗೆ ಗಿರಾಕಿ ಬಂದರೆ ಚಹಾ ತರಿಸುವುದು ನಮ್ಮ ಪದ್ಧತಿ. ಹೊಲದಲ್ಲಿ ಚಹಾ ಎಲ್ಲಿಂದ ಬರಬೇಕು? ಬಾಯಿಂದ ಮಾತು ಬಂದೇಬಿಟ್ಟಿತು.

"ನಿಂತು ಬ್ಯಾಸರಾತೇನ್ರಿ? ಹಸಿ ಕಡ್ಲಿ ತಿನ್ರಿ! ನಮ್ಮದ ಹೊಲಾ!"

ಹಸಿ ಕಡಲೆಯ ಹೊಲದಲ್ಲಿ ಹಾದುಹೋಗುವವರು ಒಂದು ಹಿಡಿ ಕಿತ್ತು ತಿಂದರೆ ನಮ್ಮ ಕಡೆ ಯಾರೂ ಕಳವೆನ್ನುವುದಿಲ್ಲ. ಬೇಡ ಎಂದು ಯಾರ ಬಾಯಲ್ಲೂ ಬರುವುದಿಲ್ಲ. ಇನ್ನು ಮನೆಯ ಅಳಿಯನೇ ನಿಂತು ತಿನ್ರಿ ಎಂದರೆ? ಅವರು ತಿಂದರು. ಮಾತಾಡುತ್ತ ತಿಂದರು, ಚೌಕಾಸಿ ಮಾಡುತ್ತ ತಿಂದರು. ಆಮೇಲೆ "ಮನ್ಯಾಗ ಹುಡುಗೂರು ಅದಾವ್ರಿ" ಎಂದು ಗಿಡಸಮೇತ ಕಿತ್ತು ಉಡಿ ತುಂಬಿಕೊಂಡರು. ನಾನು "ತಗೋರಿ ತಗೋರಿ" ಎನ್ನುತ್ತಲೇ ಇದ್ದೆ. ವ್ಯಾಪಾರ ಎಂದರೆ ವ್ಯಾಪಾರ!

"ಹಂಗಾರ ಯಾವುದು ಕಟ್ಲಿ ಶಾಂತಕ್ಕಾ? ಕೆಂಪಂದೋ, ಹಸರಂದೋ?"

ಶಾಂತವ್ವ ಬಾಯೊಳಗಿನ ಕಡಲೆ ನುಂಗಿ ಹೇಳಿದಳು: "ಸೀರಿ ಭಾಳ ಚಲೋ ಅದಾವ್ರಿ. ಆದ್ರ ಚಿಗರಿ ಹೆದರಸಾಕ ಹೊಲಕ್ಕ ಕಟ್ಟಿದ ಸೀರಿ ಯಾರು ಉಟ್ಕೋತಾರ್ರಿ? ನಾಳೆ ನಾನು ಉಟ್ಕೊಂಡು ಹೊಂಟ್ರ ಮಂದಿ ನನಗ ಏನಂತಾರ?"

ಎಲ್ಲರೂ ನಕ್ಕರು. ಎಲ್ಲರೂ ಹೋದರು. ತುಂಬಿದ ಉಡಿಯೊಂದಿಗೆ.

ಬುತ್ತಿ ಹೊತ್ತು ಬಂದ ರೇಣುಕಾ ಬದುವಿನ ಮೇಲೆ ಹಾಗೇ ನಿಂತಳು. ಆಮೇಲೆ ಒಂದು ಸೀರೆಯ ಕೆಳಗಿನ ಅಂಚು ಎತ್ತಿ ತೋರಿಸಿದಳು. "ಇದೇನ್ರಿ ಕಲೆ?"

ಇಬ್ಬನಿಗೆ ತೊಯ್ದು ಭಾರವಾದ ಸೀರೆಗಳು ರಾತ್ರಿಯೆಲ್ಲ ಜೋತುಬಿದ್ದು ಕಡಲೆ ಗಿಡಗಳ ಮೇಲೆ ಮಲಗಿದ್ದವು. ಕಡಲೆ ಎಲೆಯ ಮೇಲಿನ ಇಬ್ಬನಿ ಎಂದರೆ ಬರೀ ನೀರಲ್ಲ, ಹುಳಿ! ನಮ್ಮ ಕಡೆ ನಸುಕಿನಲ್ಲಿ ಗಿಡದ ಮೇಲೆ ಬಟ್ಟೆ ಹಾಸಿ, ಅದು ಹೀರಿದ ಹುಳಿಯನ್ನು ಹಿಂಡಿ, ಸೀಸೆಯಲ್ಲಿ ತುಂಬಿಟ್ಟು ಹೊಟ್ಟೆನೋವಿಗೆ ಕೊಡುತ್ತಾರೆ. ಇದು ಮಗುವಿಗೂ ಗೊತ್ತು. ಮಗ್ಗದವನಿಗೆ ಗೊತ್ತಿರಲಿಲ್ಲ. ಅಂಚಿನುದ್ದಕ್ಕೂ ಚುಕ್ಕಿ ಚುಕ್ಕಿಯಾಗಿ ಬಣ್ಣ ತಿಂದುಹೋಗಿತ್ತು.

ಅವ್ವನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಆ ಕಡೆ ಮಗ್ಗದ ಸದ್ದು ನಿಂತಿತು.

"ಸೀರಿ ನೋಡಿ ಚಿಗರಿ ಓಡಿ ಹೋದ್ವಾ?"

"ಹೌದಬೇ! ಒಂದೂ ಹತ್ತರ ಬರಲಿಲ್ಲ!"

"ನನ್ನ ನೇಯ್ಗಿ ಅಷ್ಟು ಕೆಟ್ಟ ಐತೇನೋ ಬಾಡ್ಯಾ?" ಎಂದು ಫೋನು ಇಟ್ಟಳು.

ಸಂಜೆ ಮಾವ ಇಟಗಿಯಿಂದ ಬಂದರು. ಕೈಯಲ್ಲಿ ಪ್ರಸಾದ ಹಿಡಿದುಕೊಂಡೇ ಹೊಲಕ್ಕೆ ನಡೆದರು. ನಾನು ಹಿಂದೆ ಹಿಂದೆ. ಪಟ್ಟಿಯ ಅಂಚಿನಲ್ಲಿ ಒಂದಿಷ್ಟು ಗಿಡ ಉಳಿದಿದ್ದವು. ಉಳಿದದ್ದೆಲ್ಲ ಜಾತ್ರೆ ಎದ್ದುಹೋದ ಬಯಲು. ಅಳಿಯನನ್ನು ಬೈಯುವಂತಿಲ್ಲ. ಅಳಿಯ ಎಂಬ ಪದವಿಯ ಬೆಲೆ ನನಗೆ ಅಂದು ತಿಳಿಯಿತು.

"ಅಳಿಯಾರ, ಚಿಗರಿ ಬಂದಿದ್ವೇನ್ರಿ?"

"ಒಂದೂ ಬರಲಿಲ್ರಿ ಮಾವಾರ! ಒಂದ ಒಂದು!"

ಮಾವ ನಿಟ್ಟುಸಿರು ಬಿಟ್ಟರು. "ಬರಬೇಕಿತ್ರಿ. ಚಿಗರಿ ಚಿಗುರು ತಿಂದು ಬೇರು ಉಳಸ್ತಾವು."

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ತಲೆ ತಗ್ಗಿಸಿ ಬಸ್ಸು ಹತ್ತುತ್ತಿದ್ದೆ. ಆದರೆ ಯಾವಗಲ್ಲಿನ ಜನ ಒಳ್ಳೆಯವರು. ಊಟಕ್ಕೆ ಕೂರುವ ಹೊತ್ತಿಗೆ ಶಾಂತವ್ವ ಮುಚ್ಚಿದ ಬಟ್ಟಲು ಹಿಡಿದು ಬಂದಳು. "ಅಳಿಯಾರ ಬಂದಾರಲ್ರಿ, ಒಂದೀಟು ಪಲ್ಲೆ ತಂದೀನಿ." ತೆಗೆದರೆ ಹಸಿ ಕಡಲೆಕಾಳಿನ ಪಲ್ಲೆ! ಅವಳ ಹಿಂದೆ ಇನ್ನೊಬ್ಬಳು, ಇನ್ನೊಂದು ಬಟ್ಟಲು. ಅದರ ಹಿಂದೆ ಮತ್ತೊಂದು. ಒಣ ಪಲ್ಲೆ, ರಸ ಪಲ್ಲೆ, ಸುಟ್ಟ ಕಡಲೆ, ಕಡಲೆ ಹಾಕಿದ ಚಿತ್ರಾನ್ನ. ಬೀಜಕ್ಕೆ ಬಿಟ್ಟ ಹೊಲ ಒಗ್ಗರಣೆ ಹಾಕಿಸಿಕೊಂಡು ಸಾಲಾಗಿ ಮನೆಗೆ ವಾಪಸ್ಸು ಬರುತ್ತಿತ್ತು. ಮಾವ ಪ್ರತಿ ಬಟ್ಟಲಿನಲ್ಲೂ ಒಂದು ಕಾಳು ಹಿಚುಕಿ ನೋಡಿ, "ಕಾಳು ಎಷ್ಟು ತುಂಬಿತ್ತು ನೋಡ್ರಿ," ಎಂದು ನನ್ನ ತಾಟಿಗೇ ಬಡಿಸಿದರು. ಬೇಡ ಎನ್ನುವ ಮುಖ ನನಗೆಲ್ಲಿತ್ತು? ಎಲ್ಲ ತಿಂದೆ.

ನಸುಕಿನಲ್ಲಿ ಹೊಟ್ಟೆಯೊಳಗೆ ಹುಲಿ ಗರ್ಜಿಸಿತು. ಸ್ಪೀಕರ್ ಇಲ್ಲದೆಯೇ! ಅತ್ತೆ ಬಟ್ಟಲಲ್ಲಿ ಏನೋ ತಂದು ಕುಡಿಸಿದರು. ಕಣ್ಣು ಮುಚ್ಚಿಕೊಳ್ಳುವಷ್ಟು ಹುಳಿ. ನೋಡಿದರೆ ಎಳೆಗೆಂಪು ಬಣ್ಣ.

"ಏನ್ರಿ ಅತ್ತಿ ಇದು?"

"ಕಡ್ಲಿ ಹುಳಿರಿ. ಮನ್ಯಾಗಿಂದು ಮುಗದಿತ್ತು. ನಿಮ್ಮ ಕೆಂಪ ಸೀರಿ ನೀರಾಗ ನೆನಸಿ ಹಿಂಡಿದೆ."

ಹೊಟ್ಟೆ ಹಿಡಿದುಕೊಂಡೇ ಬೆಳಗ್ಗೆ ಮಾವನ ಜೊತೆ ಹೊಲಕ್ಕೆ ಹೋದೆ. ಅಂಚಿನಲ್ಲಿ ಉಳಿದ ಗಿಡಗಳನ್ನಾದರೂ ಬೀಜಕ್ಕೆ ಕಾಯಬೇಕಿತ್ತು. ಚಿಗರಿ ಹಿಂಡು ಬಂದು ನಿಂತಿತ್ತು. ಕರಿಯ ಯಜಮಾನ ಬೋಳು ನೆಲ ಮೂಸಿದ. ನನ್ನನ್ನು ನೋಡಿದ. ಮತ್ತೆ ನೆಲ ನೋಡಿದ. ಹಿಂಡು ಕಟ್ಟಿಕೊಂಡು ಬಸಣ್ಣ ಕಾಕಾನ ಹೊಲದಾಚೆ ಹೊರಟೇಹೋದ.

"ಓಡಿ ಹೋದ್ವಲ್ರಿ ಮಾವಾರ!" ಎಂದೆ, ಇದ್ದ ಧೈರ್ಯ ಒಟ್ಟು ಮಾಡಿ.

ಮಾವ ನನ್ನ ಹೆಗಲ ಮೇಲೆ ಕೈ ಇಟ್ಟರು. "ಅಳಿಯಾರ, ಮುಂದಿನ ವರ್ಷ ನೀವೂ ನಮ್ಮ ಕೂಡ ಇಟಗಿಗೆ ಬರ್ರಿ."

"ಬರ್ತೀನ್ರಿ. ಆದ್ರ ಹೊಲಾ ಯಾರು ಕಾಯ್ತಾರ್ರಿ?"

"ಚಿಗರಿ ಕಾಯ್ತಾವ ಬಿಡ್ರಿ."